ಮೂರೂಕಾಲರ ಸಾಲು

ಆಂಕುದ್ ಬಂದರಿನ ಅಲೆಮಾಪಕ ಮಂಗಳವಾರ ಮೂಕವಾಯಿತು.
ಹಳೆಯ ಬೋರ್ಡಿಗೆ ಹೊಸ ಕರ್ನಲ್ ಬೇಕು, ಕಟ್ಟುವವಳು ನಾನು.
ಸಾಂತಿಯಾಗೊದಿಂದ ಬಲ್ಲವರು ಬರುವುದು ಸೋಮವಾರ.
ಕಡಲಿಗೆ ವಾರದ ಲೆಕ್ಕವಿಲ್ಲ.

ಕಟ್ಟಿ ಮುಗಿಯುವ ತನಕ
ಹದಿನೈದು ನಿಮಿಷಕ್ಕೊಮ್ಮೆ ಒಬ್ಬರು ಟಾರ್ಚು ಹಿಡಿದು
ಧಕ್ಕೆಯ ತುದಿಗೆ ಹೋಗಬೇಕು,
ಕೆಂಪು ಬಿಳಿ ಪಟ್ಟೆಯ ಕಂಬದಲ್ಲಿ
ನೀರು ಎಷ್ಟೆಂದು ನೋಡಿ
ಪೆನ್ಸಿಲಿನಲ್ಲಿ ಬರೆಯಬೇಕು.
ಒಮ್ಮೆ ಯೆರ್ಕೊ, ಒಮ್ಮೆ ನಾನು.

ಡ್ರೈವರ್ ಬರೆದದ್ದು ದೋನ್ ಎವಾರಿಸ್ತೊ, ನಿವೃತ್ತಿಗೆ ಮುಂಚೆ.
ಸಾಲುಗಳ ನಡುವೆ ಒಂದು ಟಿಪ್ಪಣಿ:
‘ಇಲ್ಲಿ ಹತ್ತು ಮಿಲಿಸೆಕೆಂಡ್ ನಿಲ್ಲು. ತೇಲುಗುಂಡಿಗೆ ವಯಸ್ಸಾಗಿದೆ.’
ಅವರು ಕರೆದ ಟೈಮರನ್ನು ಹೊಸ ಕರ್ನಲ್ಲಿನವರು
ಯಾವತ್ತೋ ಕಿತ್ತುಹಾಕಿದ್ದಾರೆ.
ಅಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ
ಎಂದಿತು ಕಂಪೈಲರ್,
ಮನೆ ಖಾಲಿಯಾದ ಮೇಲೆ ಪಕ್ಕದವರು ಹೇಳುವ ಹಾಗೆ.

ಒಂದಕ್ಕೆ ನಲವತ್ತೇಳು ಎರರು.
ಒಂದು ಆವರಣ ಮುಚ್ಚಲಿಲ್ಲವೆಂದು
ಇಡೀ ಕೇರಿ ಬೀದಿಗಿಳಿದು ಬೈಯುವ ರೀತಿ.
ಫೋನು ಮಾಡಿದೆ. ಇಸ್ಪೀಟಿನ ಗದ್ದಲದ ನಡುವೆ ಮುದುಕ ಅಂದರು:
‘ಕೆಳಗಿನಿಂದ ಓದಬೇಡ, ಹುಡುಗೀ.
ಮೇಲಕ್ಕೆ ಹೋಗು. ಎಲ್ಲಕ್ಕಿಂತ ಮೊದಲು ಗೊಣಗಿದ್ದು ಯಾವುದು, ಅದನ್ನು ಹಿಡಿ.
ಉಳಿದವೆಲ್ಲ ಅದರ ಮರಿ.’
ಆಮೇಲೆ ಯಾರಿಗೋ, ‘ನಿನ್ನ ಎಲೆ ಇಳಿಸಪ್ಪ.’

ಇಳಿಸಿದೆ ನಾನೂ. ಹಳೆ ಟೈಮರ್ ಹೋಯಿತು, ಹೊಸದು ಬಂತು,
ಆ ಹತ್ತು ಮಿಲಿಸೆಕೆಂಡನ್ನು ಮಾತ್ರ ಬಿಡಲಿಲ್ಲ.
ನಲವತ್ತೇಳು ಆರಾಯಿತು, ಆರು ಎರಡಾಯಿತು,
ಕೊನೆಗೆ ಕೊಂಡಿ ಹಾಕುವ ಹೊತ್ತಿಗೆ ಒಂದೇ ಒಂದು:
ನಾನೇ ಇಟ್ಟ ಹೆಸರಿನಲ್ಲಿ ನಾನೇ ನುಂಗಿದ ಒಂದಕ್ಷರ.
ತಿದ್ದಲು ಬೆರಳೆತ್ತಿದೆ,
ಕರೆಂಟು ಹೋಯಿತು.

ಬಂದಾಗ ಒಂದೂವರೆ.
ತಿದ್ದಿದೆ. ಅದೇ ಎರರು.
ಕಣ್ಣುಜ್ಜಿ ನೋಡಿದೆ, ಅಕ್ಷರ ಇದೆ. ಅದೇ ಎರರು.
ಬೇರೆ ಹೆಸರಿಟ್ಟೆ.
ಅಳಿಸಿದ ಹೆಸರನ್ನೇ ಹಿಡಿದು ಕೂಗಿತು,
ತೀರಿಹೋದವನಿಗೆ ತೆರಿಗೆಯ ಚೀಟಿ ಬಂದಂತೆ.
ಒಲೆಯ ಪಕ್ಕ ಯೆರ್ಕೊ ಬೂಟು ಸಮೇತ ನಿದ್ದೆ.
ಕಿಟಕಿಯಾಚೆ ದೋಣಿಗಳು ಒಂದಕ್ಕೊಂದು ತಿಕ್ಕಿ ನರಳುತ್ತಿದ್ದವು.
ಮೇಟ್ ಸೊಪ್ಪಿನ ಮೇಲೆ ಮೂರನೇ ಸಲ ಬಿಸಿನೀರು,
ರುಚಿಯಿಲ್ಲ, ಬಿಸಿ ಮಾತ್ರ.

ಮೇಲಕ್ಕೆ ಹೋಗು ಅಂದಿದ್ದರಲ್ಲ.
ಹೋದೆ. ಪರದೆ ತುಂಬಿ ಹರಿದುಹೋದ ಸಾಲುಗಳ ಆಚೆ,
ತೀರಾ ತುದಿಯಲ್ಲಿ,
ಎರರೂ ಅಲ್ಲ, ಬರೀ ಎಚ್ಚರಿಕೆ, ಯಾರೂ ಓದದ್ದು:
ಈ ಕಡತದ ತಾರೀಖು ಭವಿಷ್ಯದಲ್ಲಿದೆ.

ಗಡಿಯಾರದ ಬ್ಯಾಟರಿ ಸತ್ತಿತ್ತು.
ಕತ್ತಲಿಂದೆದ್ದ ಬೋರ್ಡಿಗೆ ಇವತ್ತು
ಸಾವಿರದ ಒಂಬೈನೂರ ಎಪ್ಪತ್ತು, ಜನವರಿ ಒಂದು.
ನಾನು ಈಗತಾನೆ ತಿದ್ದಿದ್ದು ಅದರ ಕಣ್ಣಿಗೆ
ನನ್ನ ಅಮ್ಮ ಇನ್ನೂ ಜಡೆ ಹಾಕುತ್ತಿದ್ದ ಕಾಲದ್ದು;
ಸಂಜೆ ಕಟ್ಟಿದ್ದ ತಪ್ಪು ಅದಕ್ಕಿಂತ ಹೊಸತು.
ಹೊಸದಿರುವಾಗ ಹಳೆಯದನ್ನು ಯಾಕೆ ಮುಟ್ಟಲಿ
ಎಂದಿತು ಅದು. ನ್ಯಾಯವೇ.

ಯೆರ್ಕೊನ ಬೈಕಿನ ಕೀಲಿಗೊಂಚಲು ಬಿಚ್ಚಿ
ಬಿಲ್ಲೆ ಬ್ಯಾಟರಿ ಕದ್ದೆ. ಸಮಯ ಹೇಳಿಕೊಟ್ಟೆ.
ಕಟ್ಟಿದ್ದನ್ನೆಲ್ಲ ಒರೆಸಿ
ಬುಡದಿಂದ ಶುರು ಮಾಡಿಸಿದೆ.
ಸಾಲುಗಳು ಇಳಿಯತೊಡಗಿದವು, ಸದ್ದಿಲ್ಲದೆ,
ಬೈಗುಳ ಇಲ್ಲದೆ.
ಆಗ ನೆನಪಾಯಿತು ಧಕ್ಕೆ.
ಮೂರೂ ಇಪ್ಪತ್ತೆಂಟು. ಮೂರೂಕಾಲರ ಸರದಿ
ನನ್ನದಾಗಿತ್ತು.

ಓಡಿದೆ. ಟಾರ್ಚಿನ ಬೆಳಕಲ್ಲಿ ನೀರು
ಎರಡು ಮೀಟರ್ ಮೂವತ್ತೊಂದು,
ಏನೂ ಆಗಿಲ್ಲವೆಂಬಂತೆ ಕಂಬ ನೆಕ್ಕುತ್ತಿತ್ತು.
ಮೂರಕ್ಕೆ ಎರಡು ಮೀಟರ್ ಹತ್ತೊಂಬತ್ತು,
ಮೂರೂವರೆಗೆ ಇದು.
ನಡುವಿನದು ಎರಡು ಇಪ್ಪತ್ತೈದೇ ಇದ್ದೀತು,
ಮಗುವೂ ಹೇಳುವ ಲೆಕ್ಕ.

ಐದಕ್ಕೆ ಮಾಪಕ ಬಾಯಿಬಿಟ್ಟಿತು:
ಹತ್ತು ಮಿಲಿಸೆಕೆಂಡ್ ತಡೆದು, ಒಂದು ಅಂಕಿ.
ಕಂಬವೂ ಅದನ್ನೇ ಹೇಳಿತು.
ಯೆರ್ಕೊ ಎದ್ದು ಬೈಕಿನ ಕೀಲಿ ಹುಡುಕುತ್ತ
ವಹಿಯ ಮೇಲೆ ಬಗ್ಗಿ ಕೇಳಿದ,
‘ಇಲ್ಲೊಂದು ಸಾಲು ಬಿಟ್ಟಿದ್ದೀಯಲ್ಲ?’
ಹೂಂ, ಅಂದೆ.
ಪೆನ್ಸಿಲು ಕಿವಿಯ ಸಂದಿಯಲ್ಲೇ ಇತ್ತು.